ಇ-ರೀಡರ್ ಕೊಳ್ಳುವ ಮುಂಚೆ ಒತ್ತಕ್ಷರ ನೋಡಿ

ಮಳೆಗಾಲಕ್ಕೆ ಮುಂಚೆ ಇ-ರೀಡರ್ (ಇ-ಪುಸ್ತಕ ಓದಲೆಂದೇ ಇರುವ ಪುಟ್ಟ ಯಂತ್ರ) ತಗೊಳ್ಳೋಣ ಅಂತಿರುವ ಕೊಡಗಿನವರು ಇದನ್ನು ಓದಿ. ಸೆಕೆಂಡ್ ಹ್ಯಾಂಡ್ ಹುಡುಕುತ್ತಿದ್ದರಂತೂ ಪೂರ್ತಿ ಓದಿ.

ಆಸೆ ಪಡುವುದರಲ್ಲಿ ಏನೂ ತಪ್ಪಿಲ್ಲ. ಜೂನ್ ಬಂತೆಂದರೆ ನಮ್ಮ ಕಡೆ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ರಟ್ಟು ಉಬ್ಬುತ್ತದೆ. ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತೋ ದೇವರೇ ಬಲ್ಲ. ಇ-ರೀಡರ್‌ನ ಕಾಗದದಂಥ ಇ-ಇಂಕ್ ಪರದೆ ಪುಟ ಬದಲಾಗುವಾಗ ಮಾತ್ರ ಬ್ಯಾಟರಿ ತಿನ್ನುತ್ತದೆ. ಲೈಟು ಕಮ್ಮಿ ಇಟ್ಟುಕೊಂಡರೆ ಒಂದು ಚಾರ್ಜು ವಾರಗಟ್ಟಲೆ ಬರುತ್ತದೆ. ನಮ್ಮ ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ದೊಡ್ಡ ಅಕ್ಷರದಲ್ಲಿ ಓದಲಿ ಅಂತ ಮೈಸೂರಿನ ಒಂದು ಅಂಗಡಿಯಲ್ಲಿ ಹಳೇ ಇ-ರೀಡರ್ ತಂದೆವು.

"ಕನ್ನಡ ಆರಾಮಾಗಿ ಬರುತ್ತೆ ಮೇಡಂ, ಎರಡು ಸಾವಿರ ಪುಸ್ತಕ ತುಂಬಿಸಿಯೇ ಕೊಡ್ತೀವಿ" ಅಂದರು. ತೆರೆದು ತೋರಿಸಿದ್ದು ಮಾತ್ರ ಇಂಗ್ಲಿಷ್ ಪುಸ್ತಕ.

ಮನೆಗೆ ಬಂದು ನೋಡಿದರೆ ಅಷ್ಟೂ ಸ್ಕ್ಯಾನ್ ಮಾಡಿದ ಪಿಡಿಎಫ್. ಅಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡುವ ಬಟನ್ ಅದಕ್ಕೆ ಕೆಲಸ ಮಾಡುವುದಿಲ್ಲ. ಬೆರಳಲ್ಲಿ ಹಿಗ್ಗಿಸಿದರೆ ಆರು ಇಂಚಿನ ಪರದೆಯಲ್ಲಿ ಅರ್ಧ ಸಾಲು ಕಾಣುತ್ತದೆ. ಉಳಿದರ್ಧಕ್ಕೆ ಎಳೆಯಬೇಕು, ಮುಂದಿನ ಸಾಲಿಗೆ ಮತ್ತೆ ವಾಪಸ್ ತಳ್ಳಬೇಕು. ಪ್ರತಿ ಸಲ ಪರದೆ ಒಮ್ಮೆ ಕಪ್ಪಾಗಿ ಬೆಳಗುತ್ತದೆ. ಮಾವ ಒಂದು ಪುಟ ಮುಗಿಸುವಷ್ಟರಲ್ಲಿ ಕಾಫಿ ತಣ್ಣಗಾಗಿತ್ತು. ಇನ್ನು ಆ ಪುಸ್ತಕಗಳಿಗೆ ಬರೆದವರ ಒಪ್ಪಿಗೆ ಇತ್ತಾ? ಕೇಳಲೇಬೇಡಿ.

ಸರಿ, ಯುನಿಕೋಡ್‌ನಲ್ಲಿರುವ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಇಪಬ್, ಅಂದರೆ ಅಕ್ಷರ ಹಿಗ್ಗಿಸಬಹುದಾದ ಇ-ಪುಸ್ತಕದ ಕಡತ, ಹಾಕಿ ನೋಡೋಣ ಅಂತ ಹಾಕಿದೆವು. ಅಕ್ಷರವೇನೋ ದೊಡ್ಡದಾಯಿತು, ಆದರೆ ಒತ್ತಕ್ಷರವೆಲ್ಲ ಕಳಚಿ ಬಿದ್ದಿತ್ತು. ಮಕ್ಕಳು ಹೋಗಿ 'ಮಕ್‌ಕಳು', ಹುತ್ತರಿ ಹೋಗಿ 'ಹುತ್‌ತರಿ'. ಫಾಂಟ್ ಇದ್ದರಷ್ಟೇ ಸಾಲದು, ಅಕ್ಷರಗಳನ್ನು ಜೋಡಿಸುವ ತಂತ್ರಾಂಶವೂ ಯಂತ್ರದಲ್ಲಿ ಇರಬೇಕು. ಇದರಲ್ಲಿ ಇರಲಿಲ್ಲ. 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳಂತೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡವು.

ದೊಡ್ಡ ಪೆಟ್ಟು ಬಿದ್ದಿದ್ದು ಆಮೇಲೆ. ಯಂತ್ರ ಕಂಪನಿಯಲ್ಲಿ ಬೇರೆ ಯಾರದೋ ಖಾತೆಗೆ ನೋಂದಣಿಯಾಗಿತ್ತು. ನಮ್ಮ ಹೆಸರಿಗೆ ಮಾಡಿಕೊಳ್ಳಲು ಹೋದರೆ ಆಗಲೇ ಇಲ್ಲ. ಕಳೆದುಹೋಗಿದೆ ಅಂತ ಮೊದಲಿನ ಮಾಲೀಕರು ದೂರು ಕೊಟ್ಟಿದ್ದ ಯಂತ್ರವಂತೆ! ಅಂಗಡಿಯವರ ಉತ್ತರ ಕೇಳಿ: "ಆನ್ ಆಗ್ತಿದೆಯಲ್ಲ ಮೇಡಂ, ಇನ್ನೇನು?" ದುಡ್ಡು ವಾಪಸ್ ಬರಲಿಲ್ಲ.

ಹೊಸದು ಕೊಂಡರೂ ಖಾತೆಯ ವಿಷಯ ಹಗುರವಾಗಿ ನೋಡಬೇಡಿ. 2009ರಲ್ಲಿ ಅಮೆಜಾನ್, ಜನ ದುಡ್ಡು ಕೊಟ್ಟು ಕೊಂಡಿದ್ದ ಕೆಲವು ಪುಸ್ತಕಗಳನ್ನು ಅವರ ಬಳಿಯಿದ್ದ, ತನ್ನದೇ ಇ-ರೀಡರ್ ಆದ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿತ್ತು. ದುಡ್ಡು ಮರಳಿಸಿತು, ಕ್ಷಮೆಯನ್ನೂ ಕೇಳಿತು. ಆದರೂ ಬೀರುವಿನಲ್ಲಿರುವ ಪುಸ್ತಕವನ್ನು ಹಾಗೆ ಯಾರೂ ಬಂದು ಎತ್ತಿಕೊಂಡು ಹೋಗಲ್ಲ, ಅಲ್ವಾ?

ಅದಕ್ಕೇ ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕನ್ನಡ ಇಪಬ್ ಕಡತ ಒಯ್ಯಿರಿ. 'ಸ್ತ್ರೀ', 'ರಾಷ್ಟ್ರ' ಇರುವ ಪುಟ ತೆರೆಸಿ, ಅಕ್ಷರ ದೊಡ್ಡದು ಮಾಡಿಸಿ, ಕಣ್ಣಾರೆ ನೋಡಿ. ಹಳೇ ಯಂತ್ರವಾದರೆ ಅಲ್ಲೇ ನಿಂತು ನಿಮ್ಮ ಖಾತೆಗೆ ಹಾಕಿಸಿಕೊಳ್ಳಿ, ಆಮೇಲೆ ದುಡ್ಡು ಕೊಡಿ. ಕನ್ನಡ ಇ-ಪುಸ್ತಕದ ಆಪ್‌ಗಳು ಬೇಕಿದ್ದರೆ ಆಂಡ್ರಾಯ್ಡ್ ಇರುವ ಇ-ರೀಡರ್ ಕೇಳಿ, ಬೆಲೆ ಜಾಸ್ತಿಯೇ. ಬಿಲ್ ಇಲ್ಲದೆ ಏನನ್ನೂ ತರಬೇಡಿ. ವಾಟ್ಸಾಪ್‌ನಲ್ಲಿ ಅಂಗಡಿಯವರು ಕೊಟ್ಟ ಮಾತನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದಾಗ ಇವೆಲ್ಲ ಬೇಕಾಗುತ್ತವೆ.