ಕಾರಿನ ಕ್ರೋಮ್ ಪಟ್ಟಿಗೆ ರಬ್ಬರ್ ಸ್ಪ್ರೇ ಹೊಡೆಸುವ ಮುಂಚೆ ಇದನ್ನು ಓದಿ

"ಬೇಡ ಅನಿಸಿದರೆ ಎಳೆದು ಕಿತ್ತುಹಾಕಬಹುದು" ಅನ್ನುವ ಒಂದೇ ಮಾತಿನ ಮೇಲೆ ಈ ರಬ್ಬರ್ ಸ್ಪ್ರೇ, ಅಂದರೆ ಪೇಂಟ್ ತರ ಹೊಡೆದರೆ ಒಣಗಿ ರಬ್ಬರ್ ಪದರವಾಗುವ ಬಣ್ಣ, ಮಾರಾಟವಾಗುತ್ತದೆ. ಕ್ರೋಮ್ ಪಟ್ಟಿ, ಕ್ಲ್ಯಾಡಿಂಗ್ (ಬಾಡಿಯ ಹೊರಗೆ ಕೂರಿಸಿದ ಪ್ಲಾಸ್ಟಿಕ್ ಹೊದಿಕೆ) ವಿಷಯದಲ್ಲಿ ಆ ಮಾತನ್ನು ದಯವಿಟ್ಟು ನಂಬಬೇಡಿ.

ನನ್ನ ಕಾರಿನ ಕಿಟಕಿ ಕೆಳಗಿನ ಕ್ರೋಮ್ ಪಟ್ಟಿಯಲ್ಲಿ ನೀರಿನ ಕಲೆ ಕೂತಿತ್ತು. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಕ್ಲ್ಯಾಡಿಂಗ್ ಬಿಸಿಲಿಗೆ ಬಿಳಿಚಿಕೊಂಡಿತ್ತು. ಎರಡಕ್ಕೂ ಇದೇ ಸಾಕು ಅಂತ ಆಕ್ಸೆಸರೀಸ್ ಅಂಗಡಿಯವರು ಮ್ಯಾಟ್ ಕಪ್ಪು ಸ್ಪ್ರೇ ಹೊಡೆದರು. "ಯೋಚನೆ ಮಾಡ್ಬೇಡಿ ಸಾರ್, ಬೇಡ ಅಂದಾಗ ಬಾಳೆಹಣ್ಣಿನ ಸಿಪ್ಪೆ ತರ ಬಂದ್ಬಿಡುತ್ತೆ" ಅಂದರು. ಹೊಸದರಲ್ಲಿ ನಿಜಕ್ಕೂ ಚೆನ್ನಾಗಿತ್ತು.

ಮೊದಲು ಕೆಟ್ಟದ್ದು ಪೆಟ್ರೋಲ್ ಮುಚ್ಚಳದ ಕೆಳಗೆ. ಬಂಕಿನಲ್ಲಿ ನಾಜಲ್ ತೆಗೆಯುವಾಗ ನಾಲ್ಕು ಹನಿ ಕ್ಲ್ಯಾಡಿಂಗ್ ಮೇಲೆ ಬಿತ್ತು. ಒರೆಸಿದರೆ ಬಟ್ಟೆಗೆ ಕಪ್ಪು ಬಂತು, ಅಲ್ಲೆಲ್ಲ ಅಂಟಂಟು. ಈ ಸ್ಪ್ರೇಯಲ್ಲಿ ರಬ್ಬರನ್ನು ಕರಗಿಸಿಟ್ಟಿರುವುದೇ ಪೆಟ್ರೋಲ್ ಜಾತಿಯ ದ್ರಾವಕದಲ್ಲಿ. ಒಣಗಿದ ಮೇಲೂ ಪೆಟ್ರೋಲ್ ತಾಗಿದರೆ ಮೆತ್ತಗಾಗಿ ಕರಗುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ವಾಟರ್ ಸರ್ವಿಸ್. ಪ್ರೆಷರ್ ನೀರು ಬಿದ್ದ ಕಡೆ ಅಂಚು ಎದ್ದುಕೊಂಡಿತು, ಸಂದಿಗೆ ಮಣ್ಣು ಸೇರಿತು. ಬಾನೆಟ್‌ನಂಥ ಅಗಲ ಜಾಗದಲ್ಲಿ ಅಂಚು ಕಡಿಮೆ. ಬೆರಳಗಲದ ಪಟ್ಟಿಯಲ್ಲಿ ಎಲ್ಲಿ ನೋಡಿದರೂ ಅಂಚೇ ಅಲ್ವಾ?

ತೆಗೆಯಲು ಕೂತಾಗ ಅಸಲಿ ಕಷ್ಟ ಶುರುವಾಯಿತು. ಉಗುರಿನಿಂದ ಎತ್ತಿದರೆ ಚೂರು ಚೂರಾಗಿ ಹರಿಯಿತು, ಎಲ್ಲೂ ಉದ್ದಕ್ಕೆ ಬರಲಿಲ್ಲ. ಪದರ ದಪ್ಪ ಇದ್ದರೆ ಮಾತ್ರ ಇದು ಸುಲಿಯುತ್ತದೆ. ಕನಿಷ್ಠ 4–5 ಕೋಟ್ ಬೇಕು. ಸ್ಪ್ರೇ ಉಳಿಸಲು ತೆಳ್ಳಗೆ ಎರಡು ಕೋಟ್ ಹೊಡೆದರೆ ನೋಡಲು ಅಷ್ಟೇ ಕಪ್ಪು ಕಾಣುತ್ತದೆ, ಆದರೆ ಬಿಸಿಲು ತಿಂದ ಮೇಲೆ ಎಳೆದರೆ ತಡೆಯುವುದಿಲ್ಲ. ಪಕ್ಕದ ಗ್ಲಾಸ್ ಬೀಡಿಂಗ್‌ಗೂ (ಕಿಟಕಿ ಗಾಜಿನ ಅಂಚಿನ ರಬ್ಬರ್ ಪಟ್ಟಿ) ಸ್ಪ್ರೇ ತಗುಲಿತ್ತು. ರಬ್ಬರಿಗೆ ರಬ್ಬರ್ ಹಿಡಿದುಕೊಂಡು ಬಿಡಲೇ ಇಲ್ಲ.

ಅಂಗಡಿಗೆ ಹೋದರೆ ಥಿನ್ನರ್ ಬಾಟಲಿ ತೆಗೆದರು. ಅಲ್ಲೇ ತಡೆದೆ. ನೀವೂ ತಡೆಯಿರಿ. ಥಿನ್ನರ್ ಬಾಡಿ ಪೇಂಟನ್ನೂ ಪ್ಲಾಸ್ಟಿಕ್ಕನ್ನೂ ಹಾಳು ಮಾಡುತ್ತದೆ.

ಈಗಾಗಲೇ ಹೊಡೆಸಿ ಪೇಚಾಡುತ್ತಿರುವವರಿಗೆ ಒಂದು ದಾರಿ ಇದೆ. ಹಳೆಯದರ ಮೇಲೆಯೇ ಅದೇ ಸ್ಪ್ರೇಯನ್ನು ದಪ್ಪಗೆ ಹಲವು ಕೋಟ್ ಹೊಡೆದು, ಪೂರ್ತಿ ಒಣಗಲು ಬಿಟ್ಟು, ಆಮೇಲೆ ಎಳೆಯಿರಿ. ಹೊಸ ಪದರ ಹಳೆಯದನ್ನೂ ಹಿಡಿದುಕೊಂಡು ಬರುತ್ತದೆ. ನನ್ನ ಕ್ರೋಮ್ ಪಟ್ಟಿ ಮುಕ್ಕಾಲು ಪಾಲು ಹೀಗೇ ಚೊಕ್ಕವಾಯಿತು. ಉಳಿದ ಚೂರಿಗೆ ಬಟ್ಟೆಯಲ್ಲಿ ಸ್ವಲ್ಪ ಡಬ್ಲ್ಯುಡಿ-40 (ತುಕ್ಕು ಬಿಡಿಸಲು ಬಳಸುವ ಎಣ್ಣೆ ಸ್ಪ್ರೇ) ಹಾಕಿ ಮೆಲ್ಲಗೆ ಉಜ್ಜಿ, ಕೂಡಲೇ ಶಾಂಪೂ ನೀರಲ್ಲಿ ತೊಳೆದೆ. ಕ್ಲ್ಯಾಡಿಂಗ್ ಮಾತ್ರ ಉಳಿಯಲಿಲ್ಲ. ಅದರ ಮೈ ತರಿತರಿಯಾಗಿರುತ್ತದೆ. ಆ ಸಣ್ಣ ಗುಳಿಗಳೊಳಗೆ ಇಳಿದ ರಬ್ಬರ್ ಹಲ್ಲುಜ್ಜುವ ಬ್ರಷ್ಷಿಗೂ ಬಗ್ಗಲಿಲ್ಲ. ಕಾರಿನ ಹಿಂಬದಿಯ ಎರಡು ತುಂಡು ಹೊಸದಾಗಿ ಹಾಕಿಸಬೇಕಾಯಿತು.

ಹಿಂದೆ ಡೆಂಟಿಂಗ್ ಪೇಂಟಿಂಗ್ ಆದ ಭಾಗವಿದ್ದರೆ ಇನ್ನೂ ಜಾಸ್ತಿ ಹುಷಾರಾಗಿರಿ. ಆ ಪೇಂಟ್ ಸರಿಯಾಗಿ ಹಿಡಿದಿರದಿದ್ದರೆ ರಬ್ಬರ್ ಜೊತೆ ಅದೂ ಎದ್ದು ಬರಬಹುದು.

ಕ್ರೋಮ್ ಕಪ್ಪಾಗಬೇಕು ಅಂದರೆ ವಿನೈಲ್ ಪಟ್ಟಿ (ಸ್ಟಿಕ್ಕರ್ ತರದ ಪ್ಲಾಸ್ಟಿಕ್ ಹಾಳೆ) ಅಂಟಿಸಿ. ಬಿಳಿಚಿದ ಕ್ಲ್ಯಾಡಿಂಗ್‌ಗೆ ಟ್ರಿಮ್ ರಿಸ್ಟೋರರ್ (ಪ್ಲಾಸ್ಟಿಕ್ಕಿಗೆ ಸವರಿ ಕಪ್ಪು ಮರಳಿಸುವ ದ್ರವ) ಸಾಕು. ರಬ್ಬರ್ ಸ್ಪ್ರೇಯೇ ಬೇಕೆಂದರೆ ಬಿಚ್ಚಿ ತೆಗೆಯಬಹುದಾದ ಲೋಗೋ, ಗ್ರಿಲ್‌ಗಷ್ಟೇ ಹೊಡೆಸಿ. ಎಷ್ಟು ಕೋಟ್ ಅಂತ ಪಕ್ಕದಲ್ಲೇ ನಿಂತು ಎಣಿಸಿ. ಕೊನೆಯ ಕೋಟ್ ಹಸಿ ಇರುವಾಗಲೇ ಮಾಸ್ಕಿಂಗ್ ಟೇಪ್ (ಸ್ಪ್ರೇ ಪಕ್ಕಕ್ಕೆ ತಗುಲದಂತೆ ಸುತ್ತ ಅಂಟಿಸಿದ ಟೇಪ್) ಎಳೆಯುತ್ತಾರಾ ನೋಡಿಕೊಳ್ಳಿ. ಒಣಗಿದ ಮೇಲೆ ಎಳೆದರೆ ಅಂಚು ಅಲ್ಲೇ ಹರಿಯುತ್ತದೆ.