ಎಂಎಂ 540 ಜೀಪಿಗೆ ಹೊಸ ಕೋರ್ ಮತ್ತು ಶ್ರೌಡ್: ಹಾಸನದ ರೇಡಿಯೇಟರ್ ಅಂಗಡಿಯ ಕೆಲಸ, ಒಂದು ವರ್ಷದ ನಂತರ

ಸಕಲೇಶಪುರ ಸೀಮೆಯ ತೋಟದ ದಾರಿಗಳಲ್ಲಿ ಓಡುವ ನಮ್ಮ ಹಳೆಯ ಮಹೀಂದ್ರ ಎಂಎಂ 540 ಜೀಪು ಏರು ಹತ್ತುವಾಗಲೆಲ್ಲ ಹೀಟ್ ಆಗುತ್ತಿತ್ತು. ಅದನ್ನು ಹತೋಟಿಗೆ ತರಲು ಎರಡು ವರ್ಷ ಹೆಣಗಿದೆ. ಅಷ್ಟರಲ್ಲಿ ಒಮ್ಮೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವಿನ ಸೀಲ್) ಕೂಡ ಹೋಯಿತು. ಕೊನೆಗೆ ಸರಿಪಡಿಸಿಕೊಟ್ಟವರು ಹಾಸನದ ಬಿ.ಎಂ. ರಸ್ತೆಯ ಬದಿಯಲ್ಲಿ ರೇಡಿಯೇಟರ್ ಕೆಲಸವೊಂದನ್ನೇ ಮಾಡುವ ಸಣ್ಣ ಅಂಗಡಿಯವರು. ಕೆಲಸ ಮಾಡಿಸಿ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದಿರುವುದರಿಂದ ಈಗ ಧೈರ್ಯವಾಗಿ ಬರೆಯಬಹುದು ಅನ್ನಿಸಿದೆ.

ಮೊದಲು ಗಾಡಿಯ ವಿಚಾರ ಹೇಳಬೇಕು. ಈ ಜೀಪಿಗೆ ಮೂಲದಲ್ಲಿ ಇದ್ದದ್ದು 2112 ಸಿಸಿಯ ಪೂಜೋ ಡೀಸೆಲ್ ಎಂಜಿನ್. ನಾನು ಕೊಳ್ಳುವ ಮೊದಲೇ ಹಿಂದಿನ ಮಾಲೀಕರು ಅದನ್ನು ತೆಗೆದು 2523 ಸಿಸಿಯ ಟರ್ಬೊ ಡಿಐ ಎಂಜಿನ್ ಕೂರಿಸಿದ್ದರು, ಆದರೆ ರೇಡಿಯೇಟರ್ ಹಳೆಯದನ್ನೇ ಉಳಿಸಿದ್ದರು. ಅದರ ಮೇಲೆ ನಾನು 31 ಇಂಚಿನ ಟೈರ್ ಹಾಕಿಸಿದೆ, ಗ್ರಿಲ್‌ನ ಮುಂದೆ ಸಿಕ್ಕಿಕೊಂಡ ಗಾಡಿಯನ್ನು ಎಳೆಯುವ ವಿಂಚ್ ಬಂತು, ಅದರ ಮೇಲೊಂದು ಲೈಟ್ ಬಾರ್ ಬಂತು. ಉರಿದ ಡೀಸೆಲ್‌ನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಕೂಲೆಂಟ್ ಮೂಲಕವೇ ಹೊರಹೋಗಬೇಕು. ಲೋ ರೇಂಜ್‌ನಲ್ಲಿ (ವೇಗ ಕಡಿಮೆ, ಎಳೆತ ಹೆಚ್ಚು ಕೊಡುವ ಗಿಯರ್ ಸಾಲು) ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಏರು ಹತ್ತುವ ಗಾಡಿಗೆ ಎದುರುಗಾಳಿ ಎಂಬುದು ಇರುವುದೇ ಇಲ್ಲ; ಎಲ್ಲ ಭಾರವೂ ಫ್ಯಾನಿನ ಮೇಲೆ. ಹೀಗಾಗಿ ಹೈವೇಯಲ್ಲಿ 84 ಡಿಗ್ರಿ ದಾಟದ ಎಂಜಿನ್ ತೋಟದ ಏರಿನಲ್ಲಿ ಇಪ್ಪತ್ತೇ ನಿಮಿಷಕ್ಕೆ 108 ಮುಟ್ಟಿ ಇನ್ನೂ ಏರುತ್ತಿತ್ತು.

ಇದಕ್ಕೆ ಮೊದಲು ಇನ್ನೊಂದು ಊರಿನ ಗ್ಯಾರೇಜಿನವರು ದೊಡ್ಡ ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಕೊಟ್ಟು, ಥರ್ಮೋಸ್ಟಾಟ್ (ನೀರು ಬಿಸಿಯಾದ ಮೇಲಷ್ಟೇ ರೇಡಿಯೇಟರ್ ಕಡೆಗೆ ಬಿಡುವ ಕವಾಟ) ಕಿತ್ತುಹಾಕಿ, ಇನ್ನು ಚಿಂತೆಯಿಲ್ಲ ಎಂದಿದ್ದರು. ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಥರ್ಮೋಸ್ಟಾಟ್ ತೆಗೆದ ಎಂಜಿನ್ ಚಳಿಗಾಲದ ಬೆಳಗ್ಗೆ ಬಿಸಿಯಾಗಲು ಅರ್ಧ ಗಂಟೆ ತೆಗೆದುಕೊಂಡು ಡೀಸೆಲ್ ಕುಡಿಯುತ್ತದೆ. ಬೈಪಾಸ್ ದಾರಿಯನ್ನು ಥರ್ಮೋಸ್ಟಾಟೇ ಮುಚ್ಚುವಂಥ ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ, ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಕಡೆಗೆ ಹೋಗದೆ ಎಂಜಿನ್ ಒಳಗೇ ಸುತ್ತುತ್ತದೆ.

ಹಾಸನದ ಅಂಗಡಿಯ ಹಿರಿಯರು ಬೆಲೆ ಹೇಳುವ ಮೊದಲು ಮಾಡಿದ ಕೆಲಸ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಎಂಜಿನ್ ಚಾಲೂ ಇಡಲು ಹೇಳಿ, ದಿನಪತ್ರಿಕೆಯ ಕಾಲು ಹಾಳೆಯನ್ನು ವಿಂಚ್‌ನ ಹಿಂದೆ ತೂರಿಸಿ ರೇಡಿಯೇಟರ್‌ನ ಮುಖಕ್ಕೆ ಹಿಡಿದು ಕೈ ಬಿಟ್ಟರು. ನಡುವೆ ಹಾಳೆ ಅಂಟಿಕೊಂಡಿತು. ಮೇಲಿನ ಎರಡು ಮೂಲೆಗಳಲ್ಲಿ ಹಿಡಿದಾಗ ಸುಮ್ಮನೆ ಜಾರಿ ಬಿತ್ತು. ಎಡಗಡೆ ಕೆಳಗೆ ಹಿಡಿದಾಗ ಹಾಳೆ ಹೊರಕ್ಕೆ ಹಾರಿತು, ಅಂದರೆ ಬಾನೆಟ್ ಒಳಗಿನ ಬಿಸಿಗಾಳಿಯೇ ಅಲ್ಲಿಂದ ತಿರುಗಿ ಮುಂದಕ್ಕೆ ಬರುತ್ತಿತ್ತು. ಎಂಜಿನ್ ಬದಲಿಸಿದಾಗ ಫ್ಯಾನಿನ ನಡು ಕೆಳಗಿಳಿದಿದೆ, ಫ್ಯಾನಿಗೂ ರೇಡಿಯೇಟರ್‌ನ ಕೊಳವೆಗಳ ಭಾಗವಾದ ಕೋರ್‌ಗೂ ನಡುವೆ ನಾಲ್ಕು ಇಂಚು ಬಯಲಿದೆ, ಫ್ಯಾನಿನ ಗಾಳಿಯನ್ನು ಇಡೀ ಕೋರ್ ಮೂಲಕ ಎಳೆಯುವಂತೆ ಮಾಡುವ ಸುತ್ತುಕವಚ, ಅಂದರೆ ಶ್ರೌಡ್, ಇಲ್ಲವೇ ಇಲ್ಲ. ಇಂಥ ಕಡೆ ಎಷ್ಟು ದೊಡ್ಡ ರೇಡಿಯೇಟರ್ ಹಾಕಿದರೂ ಅರ್ಧದಷ್ಟೇ ಕೆಲಸ ಮಾಡುತ್ತದೆ ಎಂದು ಅವರು ವಿವರಿಸಿದರು. ಎರಡು ವರ್ಷದಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ಯಾರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

ಅವರು ನನ್ನ ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರನ್ನೇ ತರಿಸಿಕೊಂಡು, ಅದರ ಮೇಲಿನ ಕೆಳಗಿನ ಟ್ಯಾಂಕ್ ಉಳಿಸಿಕೊಂಡು, ಮೂರು ಸಾಲಿನ ಕೋರ್ ಬದಲಿಗೆ ನಾಲ್ಕು ಸಾಲಿನ ಹೊಸ ಕೋರ್ ಕೂರಿಸಿದರು. ಅಲ್ಯೂಮಿನಿಯಂ ಹಗುರ, ಅದರ ಅಗಲವಾದ ಕೊಳವೆಗಳು ಶಾಖವನ್ನು ಚೆನ್ನಾಗಿಯೇ ಬಿಡುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಾಡುಗಲ್ಲು ತಗುಲಿ ಸೋರತೊಡಗಿದರೆ ಅದಕ್ಕೆ ಟಿಗ್ ವೆಲ್ಡಿಂಗ್ ಬೇಕು. ತಾಮ್ರವಾದರೆ ಯಾವ ಹೋಬಳಿಯಲ್ಲಾದರೂ ಬೆಸುಗೆ ಹಾಕುವವರು ಸಿಗುತ್ತಾರೆ. ಶ್ರೌಡನ್ನು ತಗಡಿನಲ್ಲಿ ಎರಡು ಭಾಗವಾಗಿ ಮಾಡಿ, ಫ್ಯಾನಿನ ರೆಕ್ಕೆ ಅರ್ಧ ಒಳಗೆ ಅರ್ಧ ಹೊರಗೆ ಇರುವಂತೆ ಕೂರಿಸಿದ್ದಾರೆ. ರೆಕ್ಕೆಯ ತುದಿಯಿಂದ ಸುತ್ತಲೂ ಒಂದು ಇಂಚು ಬಿಟ್ಟಿರುವುದು ಬೇಕೆಂದೇ: ಗುಂಡಿ ಹಾಯುವಾಗ ಎಂಜಿನ್ ತನ್ನ ಮೌಂಟ್‌ಗಳ ಮೇಲೆ ಹೊಯ್ದಾಡುತ್ತದೆ, ಅದಕ್ಕಿಂತ ಹತ್ತಿರವಿದ್ದರೆ ರೆಕ್ಕೆ ತಗಡಿಗೆ ಬಡಿಯುತ್ತದೆ. ಲೈಟ್ ಬಾರ್ ಅನ್ನು ಗ್ರಿಲ್‌ನ ಮುಂದಿನಿಂದ ತೆಗೆದು ಮೇಲಕ್ಕೆ ಹಾಕಿಸಿ ಎಂದದ್ದೂ ಅವರೇ.

ಥರ್ಮೋಸ್ಟಾಟ್ ವಿಷಯದಲ್ಲಿ ಅವರ ಶಿಸ್ತು ಮೆಚ್ಚಬೇಕಾದದ್ದು. ಹೊಸದನ್ನು ನೇರವಾಗಿ ಹಾಕಲಿಲ್ಲ. ಅಲ್ಯೂಮಿನಿಯಂ ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಅದನ್ನು ಇಳಿಬಿಟ್ಟು, 82 ಡಿಗ್ರಿಗೆ ಬಾಯಿ ಬಿಡುವುದನ್ನು ನನಗೆ ತೋರಿಸಿಯೇ ಕೂರಿಸಿದರು. ನಾನು ಹಾಕಿಕೊಂಡಿದ್ದ 1.1 ಬಾರ್ ಒತ್ತಡದ ರೇಡಿಯೇಟರ್ ಮುಚ್ಚಳವನ್ನು ಹಳೆಯ ಟ್ಯಾಂಕಿನ ಬೆಸುಗೆ ತಾಳುವುದಿಲ್ಲವೆಂದು ತೆಗೆಸಿ 0.9 ಬಾರ್‌ನದು ಕೊಟ್ಟರು. ಆ ಒತ್ತಡದಲ್ಲಿ ಸಮುದ್ರ ಮಟ್ಟದಲ್ಲಿ ನೀರು ಕುದಿಯಲು ಸುಮಾರು 118 ಡಿಗ್ರಿ ಬೇಕು. ಮುಚ್ಚಳದ ರಬ್ಬರ್ ಹೋದರೆ ಸಕಲೇಶಪುರದ ಎತ್ತರದಲ್ಲಿ 97ಕ್ಕೇ ಕುದಿ ಬರುತ್ತದೆ. ಕೂಲೆಂಟ್ ಮೂರನೇ ಒಂದು ಪಾಲು, ಉಳಿದದ್ದು ಡಿಸ್ಟಿಲ್ಡ್ ನೀರು. ನೀರು ಹೆಪ್ಪುಗಟ್ಟದ ನಮ್ಮ ಸೀಮೆಯಲ್ಲಿ ಇಷ್ಟು ಸಾಕು, ಏಕೆಂದರೆ ಶಾಖ ಹೊರುವ ಶಕ್ತಿ ನೀರಿಗೇ ಹೆಚ್ಚು; ತುಕ್ಕು ತಡೆಯಲು ಕೂಲೆಂಟ್ ಬೇಕು.

ಈಗ ಅದೇ ಏರು, ಅದೇ ಲೋ ರೇಂಜ್ ಎರಡನೇ ಗಿಯರ್, ಹಿಂದೆ ನಾಲ್ಕು ಮೂಟೆ ಗೊಬ್ಬರ: ಮುಳ್ಳು 86ರಿಂದ 92ರ ನಡುವೆ ನಿಲ್ಲುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ ನಾನು ಕಂಡ ಗರಿಷ್ಠ 95. ಎಂಜಿನ್ ಆಫ್ ಮಾಡಿದ ಕೂಡಲೇ ನೀರಿನ ಓಟ ನಿಂತು ಎರಡು ಮೂರು ಡಿಗ್ರಿ ಮೇಲೇರುವುದು ಸಹಜ. ಟರ್ಬೊಗೂ ಒಳ್ಳೆಯದೆಂದು ನಾನು ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟೇ ನಿಲ್ಲಿಸುತ್ತೇನೆ.

ಕೊರತೆಗಳೂ ಇವೆ. ಮೂರು ದಿನ ಎಂದವರು ಆರು ದಿನ ತೆಗೆದುಕೊಂಡರು. ರೇಡಿಯೇಟರನ್ನು ಮೊದಲು ನೇರವಾಗಿ ಫ್ರೇಮಿಗೆ ಬೋಲ್ಟ್ ಮಾಡಿದ್ದರು; ಚಾಸಿ ತಿರುಚಿದಾಗ ಬೆಸುಗೆ ಬಿಡುತ್ತದೆ ಎಂದು ನಾನು ಹೇಳಿದ ಮೇಲೆ ರಬ್ಬರ್ ಬುಷ್ ಹಾಕಿದರು. ಇದನ್ನು ಅವರೇ ಯೋಚಿಸಬೇಕಿತ್ತು. ನೀರು ಬಿಡುವ ನಲ್ಲಿ ವಿಂಚ್‌ನ ಹಿಂದೆ ಸಿಕ್ಕಿಕೊಂಡಿದೆ, ಕೈ ಹೋಗುವುದಿಲ್ಲ. ಕೋರ್, ಶ್ರೌಡ್, ಥರ್ಮೋಸ್ಟಾಟ್, ಮುಚ್ಚಳ, ಹೊಸ ಹೋಸುಗಳು ಮತ್ತು ಕೂಲಿ ಸೇರಿ 17,800 ರೂಪಾಯಿ ಆಯಿತು. ಅಲ್ಯೂಮಿನಿಯಂ ರೇಡಿಯೇಟರಿಗೆ ಇದಕ್ಕಿಂತ ಹೆಚ್ಚು ಕೊಟ್ಟಿದ್ದೆ.

ಅವರಿಗೆ ಹೊರತಾಗಿ ನಾನೇ ಸೇರಿಸಿದ ಒಂದು ವಸ್ತುವನ್ನು ಇಲ್ಲಿ ಹೇಳಲೇಬೇಕು. ಹೋಸ್ ಒಡೆದು ನೀರು ಪೂರ್ತಿ ಸೋರಿಹೋದರೆ, ನೀರಿನಲ್ಲಿ ಮುಳುಗಿರಬೇಕಾದ ಸೆನ್ಸರ್ ಬರಿಯ ಗಾಳಿಯಲ್ಲಿ ಉಳಿದು, ಮುಳ್ಳು ಏರುವ ಬದಲು ಇಳಿಯುತ್ತದೆ. ನನ್ನ ಹೆಡ್ ಗ್ಯಾಸ್ಕೆಟ್ ಹೋದದ್ದು ಹೀಗೆಯೇ, ಮೀಟರ್ ತಂಪು ತೋರಿಸುತ್ತಿದ್ದಾಗ. ಆದ್ದರಿಂದ ಸಿಲಿಂಡರ್ ಹೆಡ್‌ನ ಲೋಹಕ್ಕೇ ಬೋಲ್ಟ್ ಮಾಡುವ ಇನ್ನೊಂದು ಸೆನ್ಸರ್ ಹಾಕಿಸಿ, ಅದಕ್ಕೊಂದು ಬಜರ್ ಕೊಡಿಸಿದ್ದೇನೆ.

ಈ ಅಂಗಡಿಗೆ ಹೋಗುವವರು ಗಾಡಿಯನ್ನು ತೊಳೆದುಕೊಂಡು ಹೋಗಿ. ಕೋರ್‌ನ ಸಂದಿಯಲ್ಲಿ ಕೆಸರು, ಹುಲ್ಲಿನ ಬೀಜ ತುಂಬಿದ್ದರೆ ಅವರು ಪರೀಕ್ಷೆಯನ್ನೇ ಶುರು ಮಾಡುವುದಿಲ್ಲ. ತೊಳೆಯುವಾಗ ಎಂಜಿನ್ ಕಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು ಬಿಡಿ. ನನ್ನ ನಲ್ಲಿಯ ಜಾಗ ಬದಲಿಸಿಕೊಡಲು ಅವರು ಒಪ್ಪಿದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಗಾಡಿ ಬಿಡಬೇಕು.