ಬಾರ್ಬಡೋಸಿನಲ್ಲಿ ಗುಂಪಿಗೆ ವಿಲ್ಲಾ ಹಿಡಿಯುವವರು ಮುಂಗಡ ಕಳುಹಿಸುವ ಮೊದಲು ದಯವಿಟ್ಟು ಓದಿ

ಕೆರಿಬಿಯನ್ ದ್ವೀಪಗಳಿಗೆ ನಾಲ್ಕಾರು ಕುಟುಂಬಗಳು ಸೇರಿ ರಜೆಗೆ ಹೊರಡುವ ಯೋಚನೆಯಲ್ಲಿದ್ದರೆ, ಅದರಲ್ಲೂ ಹೋಟೆಲಿನ ಬದಲು ಅಡುಗೆಮನೆ ಇರುವ ದೊಡ್ಡ ವಿಲ್ಲಾವನ್ನು ಮಧ್ಯವರ್ತಿಯ ಮೂಲಕ ಹಿಡಿಯುವ ಮನಸ್ಸಿದ್ದರೆ, ಹಣ ಕಳುಹಿಸುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. 2025ರ ಜುಲೈ ತಿಂಗಳಿಗೆಂದು ನ್ಯೂಜೆರ್ಸಿಯ ನಾವು ಆರು ಕನ್ನಡ ಕುಟುಂಬಗಳು ಹಣ ಕೂಡಿಸಿ ಬಾರ್ಬಡೋಸಿನಲ್ಲಿ ಒಂದು ವಾರಕ್ಕೆ ಮನೆ ಹಿಡಿದೆವು. ನಮಗೆ ತೋರಿಸಿದ್ದು ಒಂದು ಮನೆ, ಕೊಟ್ಟದ್ದು ಇನ್ನೊಂದು ಮನೆ. ತೋರಿಸಿದ ಮನೆಯ ಮೇಲೆ ಆ ವಾರ ನಮ್ಮ ಮಧ್ಯವರ್ತಿಗೆ ಯಾವ ಹಕ್ಕೂ ಇರಲಿಲ್ಲವೆಂಬುದು ನಮಗೆ ಗೊತ್ತಾದದ್ದು ಅಲ್ಲಿಗೆ ಹೋದ ಮೇಲೆ.

ಬಾರ್ಬಡೋಸನ್ನೇ ಆರಿಸಲು ಕಾರಣಗಳಿದ್ದವು. ನ್ಯೂಯಾರ್ಕಿನ ಜೆಎಫ್‌ಕೆಯಿಂದ ನೇರ ವಿಮಾನವಿದೆ. ಭಾರತದ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಕೇಳುವುದಿಲ್ಲವಾದ್ದರಿಂದ ಊರಿನಿಂದ ಬಂದಿದ್ದ ಅತ್ತೆ ಮಾವನವರನ್ನೂ ಕರೆದುಕೊಂಡು ಹೋಗಬಹುದಿತ್ತು. ಅದಕ್ಕಿಂತ ಮಿಗಿಲಾಗಿ, 2007ರಲ್ಲಿ ಟ್ರಿನಿಡಾಡಿನಲ್ಲಿ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡದ ನಾಯಕರಾಗಿದ್ದ ದ್ರಾವಿಡ್, 2024ರ ಜೂನ್ 29ರಂದು ತರಬೇತುದಾರರಾಗಿ ಕಪ್ ಎತ್ತಿದ್ದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್ ಮೈದಾನದಲ್ಲಿ. ಹಾಸನದಲ್ಲಿ ರೇಡಿಯೋ ಕಾಲದಿಂದ ಕ್ರಿಕೆಟ್ ಕೇಳಿಕೊಂಡು ಬಂದ ಮಾವನವರಿಗೆ ಆ ಮೈದಾನವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆಯಿತ್ತು. ಅದೇ ಫೈನಲ್ ಮುಗಿದ ಮೇಲೆ ಬೆರಿಲ್ ಚಂಡಮಾರುತದಿಂದ ನಮ್ಮ ತಂಡ ಅಲ್ಲೇ ಸಿಕ್ಕಿಕೊಂಡದ್ದು ನೆನಪಿತ್ತು. ಜೂನ್ ಒಂದರಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲವೆಂಬುದೂ ತಿಳಿದಿತ್ತು. ಆ ಅಪಾಯವನ್ನು ಲೆಕ್ಕ ಹಾಕಿಯೇ ಹೊರಟಿದ್ದೆವು. ಗಾಳಿ ಮಳೆ ನಮಗೇನೂ ಮಾಡಲಿಲ್ಲ, ಮಾಡಿದ್ದು ಮನುಷ್ಯ.

ಮೋಸ ಅರ್ಥವಾಗಬೇಕಾದರೆ ಆ ದ್ವೀಪದ ಒಂದು ಸಂಗತಿ ತಿಳಿದಿರಬೇಕು. ಬಾರ್ಬಡೋಸ್ ಉದ್ದಕ್ಕೆ ಸುಮಾರು 34 ಕಿಲೋಮೀಟರ್, ಅಗಲಕ್ಕೆ ಸುಮಾರು 23 ಕಿಲೋಮೀಟರ್ ಇರುವ ಚಿಕ್ಕ ದ್ವೀಪ; ಆದರೆ ಅದರ ಎರಡು ಬದಿಯ ಕಡಲು ಒಂದೇ ಅಲ್ಲ. ಪಶ್ಚಿಮದಲ್ಲಿ ಸೇಂಟ್ ಜೇಮ್ಸ್, ಹೋಲ್‌ಟೌನ್ ಕಡೆ ಕೆರಿಬಿಯನ್ ಸಮುದ್ರ. ಅಲೆ ಕಡಿಮೆ, ಮಕ್ಕಳೂ ವಯಸ್ಸಾದವರೂ ಸೊಂಟದವರೆಗೆ ಇಳಿದು ನಿಲ್ಲಬಹುದು. ಪೂರ್ವದಲ್ಲಿ ಮತ್ತು ಆಗ್ನೇಯದಲ್ಲಿ ನೇರವಾಗಿ ಅಟ್ಲಾಂಟಿಕ್. ಅಲೆ ಜೋರು, ಸೆಳೆತ ಜೋರು. 2011ರಿಂದೀಚೆಗೆ ಸರ್ಗಾಸಮ್ ಎಂಬ ಕಂದು ಬಣ್ಣದ ತೇಲುವ ಪಾಚಿ ಅಟ್ಲಾಂಟಿಕ್ಕಿನಿಂದ ಬಂದು ರಾಶಿ ಬೀಳುವುದೂ ಹೆಚ್ಚಾಗಿ ಈ ಬದಿಯಲ್ಲೇ. 2025ರಲ್ಲಂತೂ, ಉಪಗ್ರಹಗಳ ಮೂಲಕ ಇದನ್ನು ಅಳೆಯುವ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದವರು ಮೇ ತಿಂಗಳಲ್ಲೇ ಅಟ್ಲಾಂಟಿಕ್ ಉದ್ದಕ್ಕೂ ಸುಮಾರು 3.8 ಕೋಟಿ ಟನ್ ಪಾಚಿಯನ್ನು ದಾಖಲಿಸಿದ್ದರು. ಅಲ್ಲಿಯವರೆಗೆ ಅಷ್ಟು ಎಂದೂ ಕಂಡಿರಲಿಲ್ಲ. ಪಾಚಿ ಹೀಗೆ ಬೀಳುವ ವಿಷಯ ಮೊದಲೇ ಓದಿದ್ದರಿಂದಲೇ ನಾವು ಮೊದಲ ಮಾತಿನಲ್ಲೇ ಪಶ್ಚಿಮ ತೀರ ಮಾತ್ರ ಬೇಕು, ಬೇರೆ ಯಾವುದೂ ಬೇಡ ಎಂದು ಬರವಣಿಗೆಯಲ್ಲಿ ಕೇಳಿದ್ದು. ಬರವಣಿಗೆಯಲ್ಲಿ! ಆತ ಒಪ್ಪಿಕೊಂಡ ಉತ್ತರ ಇಂದಿಗೂ ನನ್ನ ಬಳಿ ಇದೆ.

ಮಧ್ಯವರ್ತಿ ಫ್ಲೋರಿಡಾದಲ್ಲಿರುವವರು, ನಮ್ಮ ಭಾಷೆಯವರು. ಪರಿಚಯದವರ ಪರಿಚಯ. ಮೊದಲ ಫೋನಿನಲ್ಲೇ "ಅಕ್ಕಾ, ನೀವು ಮಕ್ಕಳ ಈಜುಡುಗೆ ಮಾತ್ರ ತಗೊಂಡು ಬನ್ನಿ, ಉಳಿದದ್ದೆಲ್ಲ ನನ್ನ ಜವಾಬ್ದಾರಿ" ಎಂದರು. ಹೋಲ್‌ಟೌನಿನ ಪಕ್ಕದ, ಹವಳಗಲ್ಲಿನ ಗೋಡೆಗಳ, ಹಿತ್ತಲ ಬಾಗಿಲಿನಿಂದ ನೇರ ಮರಳಿಗಿಳಿಯುವ ಮನೆಯ ಚಿತ್ರಗಳನ್ನು ಕಳುಹಿಸಿದರು. ವಾರಕ್ಕೆ 14,400 ಡಾಲರ್, ಅಂದರೆ ಕುಟುಂಬಕ್ಕೆ 2,400. ಅರ್ಧ ಮುಂಗಡ, ಉಳಿದರ್ಧ ಹೊರಡುವ ಅರವತ್ತು ದಿನ ಮೊದಲು. ಇದು ಆ ವ್ಯವಹಾರದಲ್ಲಿ ಎಲ್ಲರೂ ಕೇಳುವ ರೀತಿಯೇ. ಮುಂಗಡವನ್ನು ಬ್ಯಾಂಕ್ ವೈರ್ (ಖಾತೆಯಿಂದ ಖಾತೆಗೆ ನೇರ ವರ್ಗಾವಣೆ) ಮೂಲಕ ಕಳುಹಿಸಿದರೆ ಬಾಡಿಗೆಯಲ್ಲಿ ನೂರಕ್ಕೆ ಐದು ಕಡಿಮೆ ಮಾಡುವುದಾಗಿ ಹೇಳಿದರು. ಆರು ಮನೆಯವರ ಹಣ ಉಳಿಯುತ್ತದೆಂದರೆ ಯಾರು ಬೇಡವೆನ್ನುತ್ತಾರೆ? ಉಳಿದರ್ಧಕ್ಕೆ ನನ್ನ ಯಜಮಾನರು ಹಟ ಹಿಡಿದು ಕ್ರೆಡಿಟ್ ಕಾರ್ಡ್ ಕೊಟ್ಟರು. ಆ ಹಟದಿಂದಲೇ ಇವತ್ತು ನಮಗೆ ಸ್ವಲ್ಪವಾದರೂ ಹಣ ವಾಪಸ್ಸಾಗಿದೆ.

ಗ್ರಾಂಟ್ಲಿ ಆಡಮ್ಸ್ ವಿಮಾನ ನಿಲ್ದಾಣ ದ್ವೀಪದ ದಕ್ಷಿಣ ಭಾಗದಲ್ಲಿದೆ. ಅಲ್ಲಿಂದ ಹೋಲ್‌ಟೌನಿಗೆ ಹೋಗುವ ಗಾಡಿ ಪಶ್ಚಿಮಕ್ಕೆ ತಿರುಗಿ, ಬ್ರಿಜ್‌ಟೌನನ್ನು ಬಳಸಿಕೊಂಡು ಉತ್ತರಕ್ಕೆ ಸಾಗಬೇಕು. ನಮ್ಮನ್ನು ಕರೆದೊಯ್ಯಲು ಬಂದಿದ್ದ ವ್ಯಾನು ಪೂರ್ವಕ್ಕೆ ತಿರುಗಿತು. ಬೇರೆ ದಾರಿಯಿರಬಹುದೆಂದು ಸುಮ್ಮನಿದ್ದೆ. ಕಬ್ಬಿನ ಗದ್ದೆಗಳು ಬಂದವು, ಎಡಗಡೆ ಕಾಣಬೇಕಾಗಿದ್ದ ಸಮುದ್ರ ಬಲಗಡೆ ಕಂಡಿತು. ಚಾಲಕರನ್ನು ಕೇಳಿದರೆ ಅವರು ನಿಧಾನವಾಗಿ, ಹೋಲ್‌ಟೌನ್ ಆ ಕಡೆ ತಾಯಿ, ನಿಮ್ಮ ವಿಳಾಸ ಸೇಂಟ್ ಫಿಲಿಪ್ ಕಡೆಯದು ಎಂದು ಹೇಳಿ ತಮಗೆ ಕೊಟ್ಟಿದ್ದ ಕಾಗದವನ್ನು ಹಿಂದಕ್ಕೆ ಚಾಚಿದರು. ಸೇಂಟ್ ಫಿಲಿಪ್ ಎಂದರೆ ಆಗ್ನೇಯ ಮೂಲೆ, ಅಟ್ಲಾಂಟಿಕ್ ತೀರ. ಆ ಕಾಗದದಲ್ಲಿ ನನ್ನ ಹೆಸರಿತ್ತು, ನಮ್ಮ ಗುಂಪಿನ ತಲೆ ಎಣಿಕೆ ಸರಿಯಾಗಿತ್ತು, ಮನೆಯ ಹೆಸರು ಮಾತ್ರ ನಾವು ಎಂದೂ ಕೇಳಿರದ ಹೆಸರು. ಹಿಂದೆ ಕುಳಿತಿದ್ದವರು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ನನ್ನನ್ನು ಯಾರೂ ಏನೂ ಅನ್ನಲಿಲ್ಲ, ಆದರೆ ನನ್ನ ಮಾತು ನಂಬಿ ಹಣ ಕೊಟ್ಟವರಲ್ಲಿ ಹೆಚ್ಚಿನವರು ಆ ವ್ಯಾನಿನಲ್ಲಿದ್ದರು. ಕಾಗದ ಹಿಡಿದ ಕೈ ನಡುಗುತ್ತಿದ್ದುದನ್ನು ಅತ್ತೆಯವರು ನೋಡಿ ಮೆಲ್ಲನೆ ಅದನ್ನು ಇಸಿದುಕೊಂಡರು.

ಇಳಿಯುವ ಮೊದಲೇ ವಾಸನೆ ಬಂತು. ಮನೆಯ ಮುಂದಿನ ಕಡಲಂಚಿನಲ್ಲಿ ಮರಳೇ ಕಾಣದಷ್ಟು ಪಾಚಿ ಬಿದ್ದು ಕೊಳೆಯುತ್ತಿತ್ತು. ಅದು ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಡುತ್ತದೆ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಉಬ್ಬಸವಿರುವ ಅತ್ತೆಯವರು ಕಿಟಕಿ ತೆರೆಯಲಾಗದೆ ಒಳಗೇ ಉಳಿದರು. ನಮ್ಮ ಹೆಂಗಸರ ಬೆಳ್ಳಿಯ ಕಾಲುಂಗುರಗಳು ಅಲ್ಲಿದ್ದಷ್ಟು ದಿನದಲ್ಲೇ ಕಪ್ಪಾದವು, ಆ ಅನಿಲ ಬೆಳ್ಳಿಯನ್ನು ಹಾಗೆ ಮಾಡುತ್ತದೆ. ಮಕ್ಕಳು ಒಂದು ದಿನವೂ ಆ ನೀರಿಗೆ ಇಳಿಯಲಿಲ್ಲ. ಪಾಚಿ ಇಲ್ಲದಿದ್ದರೂ ಅಲ್ಲಿನ ಸೆಳೆತಕ್ಕೆ ಮಕ್ಕಳನ್ನು ಇಳಿಸುವ ಹಾಗಿರಲಿಲ್ಲ.

ಅಂದೇ ಸಂಜೆ ಮಧ್ಯವರ್ತಿಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಆಮೇಲೆ ಎತ್ತಿ, ಮೊದಲಿನ ಮನೆಯಲ್ಲಿ ನೀರಿನ ಪೈಪು ಒಡೆದಿದೆ, ನಿಮ್ಮ ಒಳ್ಳೆಯದಕ್ಕೇ ಬದಲಾಯಿಸಿದ್ದು ಎಂದರು. ನಮಗೆ ಏಕೆ ತಿಳಿಸಲಿಲ್ಲ ಎಂದರೆ, ಹಿಂದಿನ ಗುರುವಾರ ಕಳುಹಿಸಿದ ಪ್ರಯಾಣದ ಕಾಗದದಲ್ಲಿ ವಿಳಾಸವಿತ್ತು, ನೀವು ಆಕ್ಷೇಪಣೆ ಹೇಳಲಿಲ್ಲ, ಆದ್ದರಿಂದ ಒಪ್ಪಿದಂತೆಯೇ ಎಂಬ ಉತ್ತರ. ಆ ಕಾಗದದ ಮೊದಲ ಪುಟದಲ್ಲಿ ಹೋಲ್‌ಟೌನಿನ ಅದೇ ಹಳೆಯ ಚಿತ್ರಗಳೇ ಇದ್ದವು. ಹೊಸ ವಿಳಾಸ ನಾಲ್ಕನೆಯ ಪುಟದಲ್ಲಿ, ಕಸ ಯಾವ ದಿನ ಹಾಕಬೇಕೆಂಬ ಸೂಚನೆಗಳ ಕೆಳಗೆ, ಸಣ್ಣ ಅಕ್ಷರದಲ್ಲಿತ್ತು. ಹಾಗೆ ಇಟ್ಟದ್ದು ಯಾರೂ ನೋಡದಿರಲೆಂದೇ. ಪಶ್ಚಿಮ ತೀರವೇ ಬೇಕೆಂದು ಕೇಳಿದ್ದೆವಲ್ಲ ಎಂದು ನಾನು ಮತ್ತೆ ಮತ್ತೆ ಹೇಳಿದಾಗ ಆತ ಕೊಟ್ಟ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: "ಸಮುದ್ರ ಅಲ್ಲೂ ಇದೆ ಅಲ್ವಾ ಅಕ್ಕಾ?" ನಮ್ಮ ಹಣ ತಿಂದು, ನಮ್ಮನ್ನು ಆ ವಾಸನೆಯಲ್ಲಿ ಕೂರಿಸಿ, ಅಕ್ಕಾ ಎಂದು ಕರೆದು ಹೇಳಿದ ಮಾತು ಇದು. ಈಗಲೂ ಅದು ನೆನಪಾದರೆ ನನಗೆ ನಿದ್ರೆ ಬರುವುದಿಲ್ಲ.

ಮಾರನೆಯ ದಿನ ನಾನು, ಯಜಮಾನರು ಮತ್ತು ಇನ್ನೊಂದು ಕುಟುಂಬದವರು ಟ್ಯಾಕ್ಸಿ ಹಿಡಿದು ಹೋಲ್‌ಟೌನಿಗೆ ಹೋದೆವು. ಚಿತ್ರದಲ್ಲಿದ್ದ ಮನೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಅದೇ ಗೋಡೆ, ಅದೇ ಹಿತ್ತಲ ಬಾಗಿಲು. ಪೈಪು ಒಡೆದ ಲಕ್ಷಣ ಎಲ್ಲಿಯೂ ಇರಲಿಲ್ಲ. ಮತ್ತೊಂದು ಗುಂಪು ಅಂಗಳದಲ್ಲಿ ಟವೆಲ್ಲುಗಳನ್ನು ಒಣಹಾಕಿಕೊಂಡು ಆರಾಮವಾಗಿತ್ತು. ಮನೆ ನೋಡಿಕೊಳ್ಳುವವರು ಬಹಳ ಮರ್ಯಾದೆಯಿಂದ ಮಾತನಾಡಿದರು. ಆ ವಾರ ಜನವರಿಯಲ್ಲೇ ಮಾಲೀಕರ ಮೂಲಕ ನೇರವಾಗಿ ಬೇರೆಯವರಿಗೆ ಹೋಗಿದೆ, ನೀವು ಹೇಳುವ ಹೆಸರಿನ ಏಜೆಂಟರನ್ನು ನಾನು ಕೇಳಿಯೇ ಇಲ್ಲ ಎಂದರು. ಜನವರಿಯಲ್ಲಿ! ನಾವು ಮುಂಗಡ ಕೊಟ್ಟದ್ದು ಮಾರ್ಚಿಯಲ್ಲಿ. ಅಂದರೆ ಹಣ ಪಡೆಯುವ ದಿನವೇ ಆ ಮನೆ ಆತನ ಕೈಯಲ್ಲಿರಲಿಲ್ಲ. ಅಲ್ಲಿನ ಕಡಲು ಮಾತ್ರ ಚಿತ್ರದಲ್ಲಿದ್ದ ಹಾಗೆಯೇ ತಿಳಿಯಾಗಿತ್ತು, ಅದನ್ನು ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು.

ಇದನ್ನು ಆತನಿಗೆ ಬರೆದ ಮೇಲೆ ಅಕ್ಕ ಎನ್ನುವುದು ನಿಂತಿತು. ಮರುದಿನದಿಂದ ಬಂದದ್ದೆಲ್ಲ ಇಂಗ್ಲಿಷಿನ ಪತ್ರಗಳು: ಗೌರವಾನ್ವಿತ ಅತಿಥಿಗಳೇ, ಕರಾರಿನ ಪ್ರಕಾರ ಅನಿವಾರ್ಯ ಸಂದರ್ಭದಲ್ಲಿ ಸಮಾನ ದರ್ಜೆಯ ಮನೆಯನ್ನು ಒದಗಿಸುವ ಅಧಿಕಾರ ನಮಗಿದೆ, ಕಡಲಪಾಚಿ ಪ್ರಕೃತಿಯ ವಿಕೋಪವಾದ್ದರಿಂದ ಪರಿಹಾರಕ್ಕೆ ಅವಕಾಶವಿಲ್ಲ. ಮಲಗುವ ಕೋಣೆಗಳ ಸಂಖ್ಯೆ ಒಂದೇ ಇದ್ದರೆ ಅದು ಸಮಾನ ದರ್ಜೆಯಂತೆ. ಯಾವ ತೀರ ಎಂಬುದು ದರ್ಜೆಗೆ ಸೇರುವುದಿಲ್ಲವಂತೆ.

ಇನ್ನೆರಡು ಸಂಗತಿಗಳನ್ನೂ ಹೇಳಲೇಬೇಕು. ಅಡುಗೆಯವರ ಸಂಬಳವೆಂದು ನಮ್ಮಿಂದ ದಿನಕ್ಕೆ 150 ಡಾಲರ್ ಮೊದಲೇ ವಸೂಲು ಮಾಡಿದ್ದರು. ನಮಗಾಗಿ ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನೂ ಬೇಸರವಿಲ್ಲದೆ ಕಲಿತ ಆ ಹೆಣ್ಣುಮಗಳಿಗೆ ಸಿಗುತ್ತಿದ್ದದ್ದು 150 ಬಾರ್ಬಡೋಸ್ ಡಾಲರ್. 1975ರಿಂದ ಒಂದು ಅಮೆರಿಕನ್ ಡಾಲರಿಗೆ ಎರಡು ಬಾರ್ಬಡೋಸ್ ಡಾಲರ್ ಎಂಬ ದರ ನಿಗದಿಯಾಗಿದೆ. ಹಾಗಾಗಿ ಆಕೆಯ ಹೆಸರಿನಲ್ಲಿ ತೆಗೆದುಕೊಂಡ ಹಣದಲ್ಲಿ ಅರ್ಧ ಆತನ ಜೇಬಿಗೆ ಹೋಗಿತ್ತು. ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಗುಂಪಿನ ಒಂದು ಕುಟುಂಬದವರ ಎಚ್-1ಬಿ ಎಂಬ ಅಮೆರಿಕದ ಕೆಲಸದ ವೀಸಾದ, ಪಾಸ್‌ಪೋರ್ಟಿನಲ್ಲಿರುವ ಸ್ಟಾಂಪಿನ ಅವಧಿ ಮುಗಿದಿತ್ತು, ಕೈಯಲ್ಲಿ ವಲಸೆ ಇಲಾಖೆಯ 797 ಅನುಮೋದನೆ ಪತ್ರ ಮಾತ್ರವಿತ್ತು. ಮೂವತ್ತು ದಿನದೊಳಗೆ ಹಿಂತಿರುಗಿದರೆ ಸ್ಟಾಂಪ್ ಬೇಕಿಲ್ಲ, ಧೈರ್ಯವಾಗಿ ಬನ್ನಿ ಎಂದು ಈತ ಬರೆದು ಕೊಟ್ಟಿದ್ದರು. ಎಚ್-1ಬಿ ಇರುವವರಿಗೆ ಆ ರಿಯಾಯಿತಿ ಕೆನಡಾ ಮತ್ತು ಮೆಕ್ಸಿಕೋ ಪ್ರಯಾಣಕ್ಕೆ ಮಾತ್ರ. ಕೆರಿಬಿಯನ್ ದ್ವೀಪಗಳಿಗೆ ಅದು ಅನ್ವಯಿಸುವುದು ವಿದ್ಯಾರ್ಥಿಗಳ ಎಫ್ ಮತ್ತು ವಿನಿಮಯ ಕಾರ್ಯಕ್ರಮಗಳ ಜೆ ವೀಸಾದವರಿಗೆ, ಅದೂ ಕ್ಯೂಬಾ ಬಿಟ್ಟು. ಅವರ ವಕೀಲರು ಕೊನೆಯ ಗಳಿಗೆಯಲ್ಲಿ ತಡೆಯದಿದ್ದರೆ ಗಂಡ, ಹೆಂಡತಿ, ಮಗು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಅವರ ಪಾಲಿನ ಹಣವನ್ನು ಕೇಳಿದರೆ, ವಲಸೆ ಕಾನೂನಿನ ಸಲಹೆ ನಮ್ಮ ಸೇವೆಯಲ್ಲ ಎಂಬ ಒಂದು ಸಾಲಿನ ಉತ್ತರ ಬಂತು.

ಹಿಂತಿರುಗಿದ ಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾರ್ಡಿನ ಮೂಲಕ ಕೊಟ್ಟ ಅರ್ಧದ ಬಗ್ಗೆ ಬ್ಯಾಂಕಿಗೆ ಲಿಖಿತ ತಕರಾರು ಸಲ್ಲಿಸಿದೆವು, ಹೋಲ್‌ಟೌನ್ ಮನೆ ನೋಡಿಕೊಳ್ಳುವವರ ಮಾತನ್ನೂ ಎರಡೂ ಮನೆಗಳ ಚಿತ್ರಗಳನ್ನೂ ಲಗತ್ತಿಸಿದೆವು. ಅದರಲ್ಲಿ ಒಂದು ಭಾಗ ವಾಪಸ್ಸಾಯಿತು. ವೈರ್ ಮಾಡಿದ ಅರ್ಧದ ಬಗ್ಗೆ, ನೀವೇ ಅನುಮತಿ ಕೊಟ್ಟು ಕಳುಹಿಸಿದ್ದೀರಿ, ನಾವೇನೂ ಮಾಡಲಾಗದು ಎಂದು ಬ್ಯಾಂಕು ಕೈಚೆಲ್ಲಿತು. ಪ್ರಯಾಣ ವಿಮೆಯವರು ಮನೆ ಬದಲಾದದ್ದು ತಮ್ಮ ಪಟ್ಟಿಯಲ್ಲಿಲ್ಲ ಎಂದರು. ಫ್ಲೋರಿಡಾದಲ್ಲಿ ಪ್ರವಾಸ ಮಾರುವವರು ಆ ರಾಜ್ಯದ ಕೃಷಿ ಮತ್ತು ಗ್ರಾಹಕ ಸೇವೆಗಳ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಕಾನೂನಿದೆ. ಆತನ ಕರಾರಿನಲ್ಲಿದ್ದ ನೋಂದಣಿ ಸಂಖ್ಯೆಯನ್ನು ಹುಡುಕಿದರೆ ಅದರ ಅವಧಿ ಎಂದೋ ಮುಗಿದಿತ್ತು. ಆ ಇಲಾಖೆಗೂ ದೂರು ಕೊಟ್ಟಿದ್ದೇವೆ, ವಿಚಾರಣೆ ಇನ್ನೂ ನಡೆಯುತ್ತಿದೆ. ಬರದ ಹಣವನ್ನು ನಮ್ಮ ಕೈಯಿಂದ ಕೊಡುತ್ತೇವೆಂದರೆ ಉಳಿದ ಕುಟುಂಬಗಳವರು ಒಪ್ಪಲಿಲ್ಲ. ಅವರ ದೊಡ್ಡ ಮನಸ್ಸು ಅದು, ಆದರೆ ಹಬ್ಬಕ್ಕೆ ಎಲ್ಲರೂ ಸೇರಿದಾಗ ಬಾರ್ಬಡೋಸಿನ ಮಾತನ್ನು ಯಾರೂ ಎತ್ತುವುದಿಲ್ಲವೆಂಬುದು ನನಗೆ ಕಾಣುತ್ತದೆ.

ಆದ್ದರಿಂದ ಹೇಳುತ್ತೇನೆ, ಎಷ್ಟೇ ರಿಯಾಯಿತಿ ಕೊಟ್ಟರೂ ವೈರ್ ಮಾಡಬೇಡಿ, ಜೆಲ್ (ಫೋನಿನಿಂದ ನೇರ ಬ್ಯಾಂಕ್ ಖಾತೆಗೆ ಹಣ ಕಳುಹಿಸುವ ಅಮೆರಿಕದ ಸೇವೆ) ಮಾಡಬೇಡಿ. ಪೂರ್ತಿ ಹಣ ಕ್ರೆಡಿಟ್ ಕಾರ್ಡಿನಲ್ಲೇ ಹೋಗಲಿ, ಕಾರ್ಡ್ ತೆಗೆದುಕೊಳ್ಳದವರ ಸಹವಾಸವೇ ಬೇಡ. ಮನೆ ಬದಲಾಯಿಸುವ ಕಲಮಿದ್ದರೆ ಅದನ್ನು ಹೊಡೆದುಹಾಕಿಸಿ, ಇಲ್ಲವೇ ಅದೇ ತೀರ, ಅದೇ ಪ್ಯಾರಿಷ್ (ಸೇಂಟ್ ಜೇಮ್ಸ್‌ನಂಥ ಅಲ್ಲಿನ ಆಡಳಿತ ವಿಭಾಗ) ಎಂದು ಸೇರಿಸಿ. ಮೊತ್ತ ಯಾವ ದೇಶದ ಡಾಲರಿನಲ್ಲಿದೆ ಎಂದು ಬರೆಸಿ. ವೀಸಾ ವಿಷಯವನ್ನು ವಕೀಲರಿಗಲ್ಲದೆ ಯಾರಿಗೂ ಕೇಳಬೇಡಿ. ನಮ್ಮ ಭಾಷೆಯವರೆಂಬ ಕಾರಣಕ್ಕೆ ಯಾವುದನ್ನೂ ಬಿಟ್ಟುಕೊಡಬೇಡಿ.

ಆ ಹೋಲ್‌ಟೌನ್ ಮನೆಯ ಚಿತ್ರಗಳನ್ನು ಆತ ಕ್ರಿಸ್‌ಮಸ್ ರಜೆಗೆಂದು ಬೇರೆ ಗುಂಪುಗಳಿಗೆ ಈಗಲೂ ಕಳುಹಿಸುತ್ತಿದ್ದಾರೆ. ಟೆಕ್ಸಾಸಿನಲ್ಲಿರುವ ನನ್ನ ಗೆಳತಿಗೆ ಬಂದ ಸಂದೇಶವನ್ನು ನಾನೇ ನೋಡಿದೆ. ನಿಮಗೂ ಅಂಥ ಚಿತ್ರಗಳು ಬಂದಿದ್ದರೆ ಮನೆಯ ಪೂರ್ಣ ವಿಳಾಸವನ್ನೂ ಮಾಲೀಕರ ದೂರವಾಣಿಯನ್ನೂ ಕೇಳಿ, ನೀವೇ ಮಾಲೀಕರೊಂದಿಗೆ ಮಾತನಾಡಿ ನಿಮ್ಮ ವಾರ ನಿಮ್ಮ ಹೆಸರಿಗೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದನ್ನು ಕೊಡಲು ಆತ ಹಿಂದೆಮುಂದೆ ನೋಡಿದರೆ ಒಂದು ಡಾಲರನ್ನೂ ಕಳುಹಿಸಬೇಡಿ.